ಫ್ಯಾಮಿಲಿ ಕೋರ್ಟಿಗೆ ಯಾವ ವಕೀಲರು, ಎಷ್ಟು ಫೀಸು: ವಕಾಲತ್ತಿಗೆ ಸಹಿ ಹಾಕುವ ಮುನ್ನ ಹೋಲಿಸಿ ನೋಡಬೇಕಾದ್ದು

ವಿಚ್ಛೇದನ, ಜೀವನಾಂಶ, ಮಕ್ಕಳ ಸುಪರ್ದಿ, ಯಾವ ವಿಷಯವೇ ಆಗಲಿ, ಮನೆಯವರು ಮೊದಲು ಕೇಳುವುದು "ಒಳ್ಳೆ ಲಾಯರ್ ಯಾರಿದ್ದಾರೆ?" ಅಂತ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡಿವೆ. ಕೇಸು ಯಾವ ಊರಿನ ಕೋರ್ಟಿನಲ್ಲಿ ನಡೆಯುತ್ತದೆ? ಈ ಕೇಸಿಗೆ ದುಡ್ಡು ಕೊಟ್ಟೇ ವಕೀಲರನ್ನು ಇಡಬೇಕಾ? ಇವೆರಡಕ್ಕೆ ಉತ್ತರ ಸಿಕ್ಕಿದರೆ ವಕೀಲರನ್ನು ಹುಡುಕುವ ಕೆಲಸ ಅರ್ಧ ಮುಗಿದಂತೆ. ಇಲ್ಲಿ ಹೇಳಿರುವುದು ಕರ್ನಾಟಕದ ಕೋರ್ಟುಗಳ ರೀತಿ. ಹೆಚ್ಚಿನ ಉದಾಹರಣೆಗಳು 1955ರ ಹಿಂದೂ ವಿವಾಹ ಕಾಯ್ದೆಯವು. ಕ್ರೈಸ್ತರಿಗೆ 1869ರ ಕಾಯ್ದೆ, ರಿಜಿಸ್ಟರ್ ಮದುವೆಯವರಿಗೆ 1954ರ ವಿಶೇಷ ವಿವಾಹ ಕಾಯ್ದೆ, ವಿಚ್ಛೇದನ ಕೇಳುವ ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಕಾಯ್ದೆ ಅನ್ವಯಿಸುತ್ತದೆ. ಆದರೆ ವಕೀಲರನ್ನು ಆರಿಸುವ, ಫೀಸು ಮಾತಾಡುವ ಲೆಕ್ಕ ಎಲ್ಲರಿಗೂ ಒಂದೇ.

ಮೊದಲು ಊರು, ಆಮೇಲೆ ವಕೀಲರು

ಮದುವೆ ನಡೆದದ್ದು ತುಮಕೂರಿನಲ್ಲಿ, ಸಂಸಾರ ಮಾಡಿದ್ದು ಬೆಂಗಳೂರಿನ ವಿಜಯನಗರದಲ್ಲಿ, ಈಗ ಹೆಂಡತಿ ಇರುವುದು ಹಾಸನದ ತವರಿನಲ್ಲಿ ಎಂದುಕೊಳ್ಳಿ. ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನ ಪ್ರಕಾರ ಮದುವೆ ನಡೆದ ಜಾಗ, ಎದುರುದಾರರು ವಾಸವಿರುವ ಜಾಗ, ಗಂಡ ಹೆಂಡತಿ ಕಡೆಯದಾಗಿ ಒಟ್ಟಿಗಿದ್ದ ಜಾಗ, ಈ ಮೂರರಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಹೆಂಡತಿ ಅರ್ಜಿ ಹಾಕುವುದಾದರೆ ಅವಳು ಈಗ ವಾಸವಿರುವ ಊರಿನಲ್ಲೂ ಹಾಕಬಹುದು. ಈ ಅವಕಾಶ 2003ರ ತಿದ್ದುಪಡಿಯಿಂದ ಬಂತು. ಹಾಗಾಗಿ ಹಾಸನದಲ್ಲಿರುವ ಹೆಣ್ಣುಮಗಳು ಬೆಂಗಳೂರಿನ ವಕೀಲರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಮಗುವಿನ ಸುಪರ್ದಿಗೆ ಪೋಷಕರ ಕಾಯ್ದೆಯಡಿ ಹೋಗುವುದಾದರೆ ಮಗು ಸಾಮಾನ್ಯವಾಗಿ ವಾಸವಿರುವ ಊರೇ ಲೆಕ್ಕ.

ಊರು ಯಾಕೆ ಇಷ್ಟು ಮುಖ್ಯ? ಕೇಸಿನ ಖರ್ಚು ಹೆಚ್ಚುವುದು ದೊಡ್ಡ ದೊಡ್ಡ ವಾದಗಳಿಂದಲ್ಲ, ವಾಯಿದೆಗಳಿಂದ, ಅಂದರೆ ಕೋರ್ಟು ಕೊಡುವ ವಿಚಾರಣೆಯ ತಾರೀಖುಗಳಿಂದ. ತಕರಾರಿನ ವಿಚ್ಛೇದನ ಅಂದರೆ ಹತ್ತಾರು ವಾಯಿದೆ. ಅವುಗಳಲ್ಲಿ ಎಷ್ಟೋ ದಿನ ಸಮನ್ಸು ಜಾರಿಯಾಗಿರುವುದಿಲ್ಲ, ಜಡ್ಜ್ ರಜೆ ಇರುತ್ತಾರೆ, ಎದುರು ವಕೀಲರು ಸಮಯ ಕೇಳುತ್ತಾರೆ. ಬೆಂಗಳೂರಿನ ವಕೀಲರು ಹಾಸನಕ್ಕೆ ಬಂದು "ಟೈಮ್ ಕೊಡಿ ಸ್ವಾಮಿ" ಅಂದು ವಾಪಸು ಹೋದ ದಿನದ ಕಾರಿನ ಬಾಡಿಗೆ, ದಿನದ ಫೀಸು ಎರಡೂ ನಿಮ್ಮ ತಲೆ ಮೇಲೆ. ಅದೇ ಕೋರ್ಟಿನಲ್ಲಿ ದಿನಾ ಓಡಾಡುವ ವಕೀಲರಿಗೆ ಅದು ಐದು ನಿಮಿಷದ ಕೆಲಸ.

ಕೋರ್ಟು ಯಾವುದು ಅನ್ನುವುದನ್ನೂ ನೋಡಿ. ಕುಟುಂಬ ನ್ಯಾಯಾಲಯ ಇರುವ ಊರಿನಲ್ಲಿ ವಿಚ್ಛೇದನ, ಜೀವನಾಂಶ, ಸುಪರ್ದಿ ಮೂರೂ ಅಲ್ಲೇ. ಬೆಂಗಳೂರಿನಲ್ಲಿ ಅದು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಕುಟುಂಬ ನ್ಯಾಯಾಲಯ ಇಲ್ಲದ ತಾಲ್ಲೂಕಿನಲ್ಲಿ ವಿಚ್ಛೇದನದ ಎಂ.ಸಿ. (ವಿವಾಹದ) ಕೇಸು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ, ಜೀವನಾಂಶದ ಅರ್ಜಿ ಮ್ಯಾಜಿಸ್ಟ್ರೇಟ್ ಮುಂದೆ. ಅಂಥ ಕಡೆ ಸಿವಿಲ್ ಮಾತ್ರ ಮಾಡುವ, ಇಲ್ಲವೇ ಕ್ರಿಮಿನಲ್ ಮಾತ್ರ ಮಾಡುವ ವಕೀಲರನ್ನು ಹಿಡಿದರೆ ಮತ್ತೊಬ್ಬರಿಗೆ ಮತ್ತೊಂದು ವಕಾಲತ್ತು (ನಮ್ಮ ಪರವಾಗಿ ಕೇಸು ನಡೆಸಿ ಎಂದು ವಕೀಲರಿಗೆ ಸಹಿ ಮಾಡಿಕೊಡುವ ಪತ್ರ) ಕೊಡಬೇಕಾಗುತ್ತದೆ.

ಎದುರುದಾರರು ದೂರದ ಊರಿನಲ್ಲಿ ಕೇಸು ಹಾಕಿ ನಿಮ್ಮನ್ನು ಓಡಾಡಿಸುತ್ತಿದ್ದರೆ ಕೇಸನ್ನೇ ನಿಮ್ಮ ಊರಿಗೆ ವರ್ಗಾಯಿಸಿ ಎಂದು ಕೇಳಬಹುದು. ರಾಜ್ಯದೊಳಗಾದರೆ ಹೈಕೋರ್ಟಿಗೆ ಅರ್ಜಿ: ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆ ಬರುವ ಕಡೆ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕಾದರೆ ಸುಪ್ರೀಂ ಕೋರ್ಟಿಗೆ. ಇದಕ್ಕೆ ಬೇರೆ ವಕೀಲರು, ಬೇರೆ ಫೀಸು. ಎರಡು ವರ್ಷದ ಬಸ್ ಚಾರ್ಜು, ರಜೆ ಹಾಕಿ ಕಳಕೊಳ್ಳುವ ಕೂಲಿ, ಹೊರಊರಿನ ವಕೀಲರ ಫೀಸು ಒಂದು ಕಡೆ, ವರ್ಗಾವಣೆಯ ಒಂದು ಸಲದ ಖರ್ಚು ಇನ್ನೊಂದು ಕಡೆ ಬರೆದು ನೋಡಿ. ಚಿಕ್ಕ ಮಗು ಕಂಕುಳಲ್ಲಿರುವ ಹೆಂಗಸರ ಮಟ್ಟಿಗೆ ಈ ಖರ್ಚು ಬಹುತೇಕ ದಂಡವಾಗುವುದಿಲ್ಲ.

ಉಚಿತ ನೆರವು: ಕಡೆಗಲ್ಲ, ಮೊದಲು ನೋಡಬೇಕಾದ್ದು

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಓದಿದವರು ಕಡಿಮೆ. ಹೆಣ್ಣುಮಕ್ಕಳಿಗೆ ಅದರಲ್ಲಿ ಆದಾಯದ ಮಿತಿಯೇ ಇಲ್ಲ. ಸಂಬಳ ಬರುವ ಮಹಿಳೆಗೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಇವರಿಗೂ ಹಾಗೆಯೇ. ಈ ಪಟ್ಟಿಯಲ್ಲಿ ಬರದ ಗಂಡಸರಿಗೆ ರಾಜ್ಯ ಗೊತ್ತುಮಾಡಿದ ವಾರ್ಷಿಕ ಆದಾಯದ ಮಿತಿ ಅನ್ವಯಿಸುತ್ತದೆ.

ಹೋಗಬೇಕಾದ್ದು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ತಾಲ್ಲೂಕಿನಲ್ಲಾದರೆ ಕೋರ್ಟಿನಲ್ಲೇ ಇರುವ ತಾಲ್ಲೂಕು ಸಮಿತಿಗೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಆಧಾರ್, ಮದುವೆಯ ಪುರಾವೆ, ಕೋರ್ಟಿನ ನೋಟಿಸು ಬಂದಿದ್ದರೆ ಅದರ ಜೆರಾಕ್ಸು, ಒಂದು ಪುಟದಲ್ಲಿ ನಿಮ್ಮ ವಿಷಯ, ಇಷ್ಟು ಒಯ್ದರೆ ಸಾಕು. ಜಾತಿ ಅಥವಾ ಆದಾಯದ ಮೇಲೆ ಕೇಳುವವರು ಆ ಪ್ರಮಾಣಪತ್ರ ಸೇರಿಸಿ. ಹೆಂಗಸರಿಂದ ಯಾರಾದರೂ ಆದಾಯ ಪ್ರಮಾಣಪತ್ರ ಕೇಳಿದರೆ 12ನೇ ಕಲಮು ತೋರಿಸಿ. ಈ ನೆರವಿನಲ್ಲಿ ವಕೀಲರ ಫೀಸಿನ ಜೊತೆಗೆ ಕೋರ್ಟ್ ಶುಲ್ಕ, ಸಮನ್ಸಿನ ಶುಲ್ಕ, ಟೈಪಿಂಗ್, ನಕಲಿನ ಖರ್ಚೂ ಸೇರಿರುತ್ತದೆ. ಪ್ಯಾನೆಲ್ ವಕೀಲರು, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರು, ನಿಮ್ಮ ಕೈಯಿಂದ ಒಂದು ರೂಪಾಯಿ ಫೀಸು ತೆಗೆದುಕೊಳ್ಳುವಂತಿಲ್ಲ. "ಪೆಟ್ರೋಲಿಗೆ ಏನಾದ್ರೂ ಕೊಡಿ" ಅಂದರೂ ಅದು ತಪ್ಪೇ.

ತೊಡಕು ಎಲ್ಲಿ? ಪ್ಯಾನೆಲ್‌ನಲ್ಲಿ ಅನುಭವಿಗಳೂ ಇರುತ್ತಾರೆ, ಈಗಷ್ಟೇ ಸನ್ನದು (ವಕೀಲಿಕೆಯ ಪರವಾನಗಿ) ಪಡೆದವರೂ ಇರುತ್ತಾರೆ. ನಿಮಗೆ ಯಾರು ಬರುತ್ತಾರೆ ಅನ್ನುವುದು ಬಹುಮಟ್ಟಿಗೆ ಪ್ರಾಧಿಕಾರದ ಕೈಯಲ್ಲಿ. ಸರ್ಕಾರ ಅವರಿಗೆ ಕೊಡುವ ಫೀಸು ಕಡಿಮೆ, ಹಾಗಾಗಿ ಖಾಸಗಿ ಕೇಸಿಗೆ ಓಡುವ ಚಟವೂ ಉಂಟು. ಎರಡು ವಾಯಿದೆಗೆ ಬಾರದೆ ಹೋದರೆ ಸುಮ್ಮನಿರಬೇಡಿ. ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ಕೇಸಿನ ನಂಬರು, ಬಾರದ ತಾರೀಖು ಬರೆದು ಅರ್ಜಿ ಕೊಡಿ. ಆ ಹುದ್ದೆಯಲ್ಲಿರುವವರು ಸ್ವತಃ ನ್ಯಾಯಾಧೀಶರು. ವಕೀಲರನ್ನು ಬದಲಿಸಿಕೊಡುತ್ತಾರೆ.

ನಮ್ಮ ಅಭಿಪ್ರಾಯ ಹೇಳಬೇಕೆಂದರೆ, ಜೀವನಾಂಶದ ಅರ್ಜಿಗೆ, ಒಪ್ಪಿಗೆಯ ವಿಚ್ಛೇದನಕ್ಕೆ, ಬಂದ ನೋಟಿಸಿಗೆ ತಕ್ಷಣ ಹಾಜರಾಗಲಿಕ್ಕೆ ಉಚಿತ ನೆರವು ಧಾರಾಳವಾಗಿ ಸಾಕು. ಗಂಡ ವ್ಯಾಪಾರ ಮಾಡುವವನಾಗಿ ಆದಾಯ ಮುಚ್ಚಿಡುತ್ತಿದ್ದಾನೆ, ಮೂರು ಕಡೆ ಆಸ್ತಿಯಿದೆ, ಮಗುವನ್ನು ಬೇರೆ ರಾಜ್ಯಕ್ಕೆ ಕರೆದೊಯ್ದಿದ್ದಾನೆ, ಇಂಥ ಕೇಸಿನಲ್ಲಿ ಪಾಟೀಸವಾಲು (ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸುವುದು) ಬಲವಾಗಿರಬೇಕು. ಅಲ್ಲಿ ಕೈಲಾದರೆ ಖಾಸಗಿ ವಕೀಲರೇ ವಾಸಿ.

ಹೊಡೆತ, ಮನೆಯಿಂದ ಹೊರಗೆ ಹಾಕಿದ್ದು ಇದ್ದರೆ ಇನ್ನೊಂದು ದಾರಿಯಿದೆ, ಅದರ ಮೊದಲ ಹೆಜ್ಜೆಗೆ ವಕೀಲರೇ ಬೇಡ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಜನರ ಬಾಯಲ್ಲಿ ಸಿಡಿಪಿಒ, ಅವರೇ ರಕ್ಷಣಾಧಿಕಾರಿ. ಅವರು ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಅರ್ಜಿ ಬಂದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಇರಬೇಕು ಅನ್ನುತ್ತದೆ ಕಾಯ್ದೆ. ಮನೆಯಲ್ಲಿರುವ ಹಕ್ಕು, ಖರ್ಚಿಗೆ ಹಣ, ಮಗುವಿನ ತಾತ್ಕಾಲಿಕ ಸುಪರ್ದಿ ಎಲ್ಲವನ್ನೂ ಅಲ್ಲಿ ಕೇಳಬಹುದು.

ಖಾಸಗಿ ವಕೀಲರು: ಪಕ್ಕದ ಬೀದಿಯವರೋ, ಹೆಸರಾಂತ ಕಚೇರಿಯೋ

ಇಲ್ಲಿ ಮುಖ್ಯವಾಗಿ ಎರಡು ಬಗೆ. ಒಬ್ಬರೇ ಕೂತು, ಒಬ್ಬ ಗುಮಾಸ್ತನನ್ನೋ ಒಬ್ಬ ಜೂನಿಯರನ್ನೋ ಇಟ್ಟುಕೊಂಡು ನಡೆಸುವ ಊರಿನ ವಕೀಲರು ಒಂದು ಬಗೆ. ಎಂಟು ಹತ್ತು ಜೂನಿಯರ್‌ಗಳಿರುವ ಹೆಸರಾಂತ ಕಚೇರಿ ಇನ್ನೊಂದು. ಎರಡನೆಯದರಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟೆಂದರೆ ಮಾತಾಡುವುದು ಹಿರಿಯರ ಹತ್ತಿರ, ಕೋರ್ಟಿಗೆ ಬರುವುದು ಪ್ರತಿ ಸಲ ಬೇರೆ ಬೇರೆ ಜೂನಿಯರ್. ಸಮಯ ಕೇಳುವ ವಾಯಿದೆಗೆ ಜೂನಿಯರ್ ಬಂದರೆ ನಷ್ಟವಿಲ್ಲ. ಮಧ್ಯಂತರ ಜೀವನಾಂಶದ (ಕೇಸು ಮುಗಿಯುವ ತನಕದ ಜೀವನಾಂಶ) ವಾದ, ಎದುರುದಾರರ ಪಾಟೀಸವಾಲು, ಕೊನೆಯ ವಾದ, ಈ ಮೂರು ದಿನ ಯಾರು ನಿಲ್ಲುತ್ತಾರೆ ಅನ್ನುವುದನ್ನು ಮೊದಲ ಭೇಟಿಯಲ್ಲೇ ಕೇಳಿ. ಉತ್ತರ ತೇಲಿಸಿದರೆ ಅದೇ ಉತ್ತರ.

ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟು "ಹಿರಿಯ ವಕೀಲರು" ಎಂದು ಪದವಿ ಕೊಟ್ಟವರು ನೇರವಾಗಿ ವಕಾಲತ್ತು ಹಾಕುವಂತಿಲ್ಲ, ಇನ್ನೊಬ್ಬ ವಕೀಲರ ಮೂಲಕವೇ ಬರಬೇಕು. ಅಂದರೆ ಎರಡು ಫೀಸು. ಕೌಟುಂಬಿಕ ಕೇಸಿನ ಮೊದಲ ಹಂತಕ್ಕೆ ಅವರ ಅಗತ್ಯ ಬೀಳುವುದು ತೀರಾ ಅಪರೂಪ.

ಹುಡುಕುವುದು ಹೇಗೆ? ವಕೀಲರು ಜಾಹೀರಾತು ಕೊಡುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ತಡೆಯುತ್ತದೆ. ಆನ್‌ಲೈನಿನಲ್ಲಿ ವಕೀಲರಿಗೆ ಸ್ಟಾರು ಕೊಟ್ಟು ದರಪಟ್ಟಿ ತೋರಿಸುವ ಜಾಲತಾಣಗಳ ಮೇಲೆ ಮದ್ರಾಸ್ ಹೈಕೋರ್ಟು 2024ರ ಜುಲೈನಲ್ಲಿ ಕಟುವಾಗಿ ತೀರ್ಪು ಕೊಟ್ಟಿತು. ಹಾಗಾಗಿ "ನಂಬರ್ ಒನ್ ಡಿವೋರ್ಸ್ ಲಾಯರ್" ಎಂದು ಸಾರಿಕೊಳ್ಳುವವರು ನಿಯಮ ಮುರಿದೇ ನಿಮ್ಮ ಮುಂದೆ ಬಂದಿದ್ದಾರೆ ಎಂದು ತಿಳಿಯಿರಿ. ಕೋರ್ಟಿನ ಗೇಟಿನಲ್ಲಿ, ಛಾಪಾ ಕಾಗದ ಮಾರುವ ಕಡೆ, ಪೊಲೀಸ್ ಠಾಣೆಯ ಮುಂದೆ ಸಿಗುವ ದಲ್ಲಾಳಿಗಳು ವಕೀಲರ ಫೀಸಿನಲ್ಲೇ ತಮ್ಮ ಪಾಲು ಇಟ್ಟುಕೊಂಡಿರುತ್ತಾರೆ.

ಇದಕ್ಕಿಂತ ಒಳ್ಳೆಯ ಉಪಾಯ ನಿಮ್ಮ ಫೋನಿನಲ್ಲೇ ಇದೆ. ಇ-ಕೋರ್ಟ್ಸ್ ಆ್ಯಪ್ ಅಥವಾ ಜಾಲತಾಣ ತೆರೆದು ರಾಜ್ಯ, ಜಿಲ್ಲೆ, ಕೋರ್ಟ್ ಆವರಣ ಆರಿಸಿ "ವಕೀಲರ ಹೆಸರು" ಅನ್ನುವ ಕಡೆ ಹೋಗಿ. ಹೆಸರು ಟೈಪ್ ಮಾಡಿದರೆ ಅವರ ಕೇಸುಗಳ ಪಟ್ಟಿ ಬರುತ್ತದೆ. ಎಂ.ಸಿ. ಅಂತ ಶುರುವಾಗುವವು ವಿವಾಹದ ಕೇಸುಗಳು. ಒಂದೂ ಇಲ್ಲ, ಬರೀ ಚೆಕ್ ಬೌನ್ಸ್ ಕೇಸುಗಳೇ ಇವೆ ಅಂದರೆ ಗೊತ್ತಾಯಿತಲ್ಲ. ಬಾಕಿ ಇರುವ ಕೇಸು ಮಾತ್ರ ನೋಡದೆ ಮುಗಿದವುಗಳನ್ನೂ ನೋಡಿ. ನಾಲ್ಕೈದು ಕೇಸುಗಳ ಒಳಗೆ ಹೋಗಿ ಪ್ರತಿ ವಾಯಿದೆಯ ದಿನ ಏನಾಯಿತೆಂದು ಬರೆದದ್ದನ್ನು ಓದಿ. "ಅರ್ಜಿದಾರರ ವಕೀಲರು ಗೈರು", "ಸಮಯ ಕೋರಿದ್ದಾರೆ" ಎಂಬ ಸಾಲುಗಳೇ ತುಂಬಿದ್ದರೆ ಆ ಕಚೇರಿಯ ಶಿಸ್ತು ಅಲ್ಲೇ ಕಾಣುತ್ತದೆ. ಒಂದು ಎಚ್ಚರ: ಒಬ್ಬರ ಹೆಸರನ್ನೇ ಇನಿಶಿಯಲ್ ಹಿಂದೆ ಮುಂದೆ ಮಾಡಿ ಮೂರು ಥರ ನಮೂದಿಸಿರುತ್ತಾರೆ. ಒಂದು ಕಾಗುಣಿತದಲ್ಲಿ ಸಿಗಲಿಲ್ಲ ಎಂದು ಕೇಸೇ ಇಲ್ಲ ಅಂದುಕೊಳ್ಳಬೇಡಿ. ಸನ್ನದಿನ ನಂಬರು ಹಾಕಿಯೂ ಹುಡುಕಬಹುದು. ಕರ್ನಾಟಕದ ಸನ್ನದು ಕೆಎಆರ್, ಒಂದು ಸಂಖ್ಯೆ, ವರ್ಷ, ಈ ಕ್ರಮದಲ್ಲಿರುತ್ತದೆ, ವಕಾಲತ್ತಿನ ಮೇಲೂ ಬರೆದಿರುತ್ತದೆ.

ಮೊದಲ ಭೇಟಿಗೆ ಮೂವರ ಹತ್ತಿರ ಹೋಗಿ, ಒಂದೇ ಪ್ರಶ್ನೆಗಳನ್ನು ಮೂವರಿಗೂ ಕೇಳಿ. ಸಲಹೆಗೆ ಫೀಸು ಕೇಳಿದರೆ ಕೊಡಿ, ಅದು ದುಂದಲ್ಲ. ಮದುವೆ, ಬೇರೆಯಾದ ದಿನ, ಮಕ್ಕಳ ಹುಟ್ಟಿದ ದಿನ, ಹಿಂದಿನ ದೂರುಗಳು, ಇವನ್ನು ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಅರ್ಧ ಗಂಟೆಯಲ್ಲಿ ಕೆಲಸದ ಮಾತು ಆಗುತ್ತದೆ. "ಮೂರು ತಿಂಗಳಲ್ಲಿ ಬಿಡಿಸಿಕೊಡ್ತೀನಿ" ಅನ್ನುವವರನ್ನೂ "ಐದು ಕಡೆ ಕೇಸ್ ಜಡಿಯೋಣ, ಆಗ ಬಗ್ಗುತ್ತಾನೆ" ಅನ್ನುವವರನ್ನೂ ಬಿಟ್ಟುಬಿಡಿ. ಐದು ಕೇಸು ಅಂದರೆ ಐದು ವಕಾಲತ್ತು, ಐದು ಫೀಸು. ಹಣ ಮಾತ್ರ ಐದು ಕಡೆಯಿಂದ ಬರುವುದಿಲ್ಲ: ಬೇರೆ ಬೇರೆ ಕಾಯ್ದೆಯಡಿ ಕೇಳಿದ ಜೀವನಾಂಶವನ್ನು ಒಂದಕ್ಕೊಂದು ಹೊಂದಿಸಿ ನೋಡಬೇಕು, ಹಿಂದಿನ ಆದೇಶಗಳನ್ನು ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟು 2020ರ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದೆ.

ಫೀಸು: ಮೊತ್ತ ಕೇಳಬೇಡಿ, ಅದರೊಳಗೆ ಏನೇನಿದೆ ಕೇಳಿ

ಫೀಸು ಹೇಳುವ ರೀತಿ ಮೂರು. ಒಂದೇ ಗಂಟು, ವಾಯಿದೆಗಿಷ್ಟು, ಹಂತಕ್ಕಿಷ್ಟು. ಹೋಲಿಕೆಗೆ ಒಂದು ಲೆಕ್ಕ ಹಾಕೋಣ. ಈ ಅಂಕಿಗಳು ಲೆಕ್ಕ ತೋರಿಸಲಿಕ್ಕೆ ಮಾತ್ರ, ಮಾರುಕಟ್ಟೆಯ ದರವಲ್ಲ.

ಮೊದಲನೆಯವರು "ಒಟ್ಟು 50,000 ಕೊಡಿ, ಕೊನೇ ತನಕ ನಂದು" ಅಂದರು. ಎರಡನೆಯವರು "ಈಗ 10,000, ಆಮೇಲೆ ವಾಯಿದೆಗೆ 1,500" ಅಂದರು. ಕೇಳಲಿಕ್ಕೆ ಎರಡನೆಯದು ಹಗುರ. 26 ವಾಯಿದೆ ಆಗುವಷ್ಟರಲ್ಲಿ 49,000 ಆಗಿರುತ್ತದೆ. 27ನೆಯದಕ್ಕೆ ಮೊದಲನೆಯವರನ್ನು ದಾಟುತ್ತದೆ. 40 ವಾಯಿದೆ ನಡೆದರೆ 70,000. ಅದೇ ಎಂಟನೇ ವಾಯಿದೆಗೆ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು ಅನ್ನಿ. ಎರಡನೆಯವರಿಗೆ ಕೊಟ್ಟದ್ದು 22,000, ಮೊದಲನೆಯವರ ಹತ್ತಿರ ಕಟ್ಟಿದ 50,000 ಹೋಯಿತು. ವಾಯಿದೆ ಲೆಕ್ಕದ ಇನ್ನೊಂದು ತೊಂದರೆಯೆಂದರೆ ಕೇಸು ಎಳೆದಷ್ಟೂ ವಕೀಲರಿಗೆ ಆದಾಯ. ಗಂಟಿನ ಲೆಕ್ಕದ ತೊಂದರೆ ಇದಕ್ಕೆ ಉಲ್ಟಾ: ದುಡ್ಡು ಬಂದಾಗಿದೆ, ಇನ್ನು ಓಡಾಡಲು ಉಮೇದು ಇರುವುದಿಲ್ಲ.

ಮೂರನೆಯವರು ಹಂತದ ಲೆಕ್ಕ ಹೇಳಿದರು: ಅರ್ಜಿ ಬರೆದು ಫೈಲ್ ಮಾಡಿದಾಗ 15,000, ಮಧ್ಯಂತರ ಅರ್ಜಿಯ ವಾದವಾದಾಗ 10,000, ಸಾಕ್ಷ್ಯ ಶುರುವಾದಾಗ 15,000, ಕೊನೆಯ ವಾದಕ್ಕೆ 10,000. ಪೂರ್ತಿ ನಡೆದರೆ ಇದೂ 50,000. ನಡುವೆ ರಾಜಿಯಾದರೆ 15,000ಕ್ಕೋ 25,000ಕ್ಕೋ ನಿಲ್ಲುತ್ತದೆ. ಕೆಲಸ ನಡೆದರೆ ಹಣ, ವಾಯಿದೆ ಮುಂದೆ ಹೋದರೆ ಇಲ್ಲ. ಮೂರರಲ್ಲಿ ನಮ್ಮ ಮತ ಇದಕ್ಕೇ. ಬೇರೆ ರೀತಿಯಲ್ಲೇ ತೆಗೆದುಕೊಳ್ಳುವ ವಕೀಲರ ಹತ್ತಿರವೂ "ಹಂತ ಹಂತವಾಗಿ ಕೊಡ್ತೀವಿ ಸಾರ್" ಎಂದು ಕೇಳಿ ನೋಡಿ, ಎಷ್ಟೋ ಜನ ಒಪ್ಪುತ್ತಾರೆ. ವಾಯಿದೆ ಲೆಕ್ಕವೇ ಆದರೆ "ಏನಾದರೂ ನಡೆದ ದಿನಕ್ಕೆ ಮಾತ್ರ" ಎಂದು ಮೊದಲೇ ಮಾತಾಗಲಿ.

ನಾಲ್ಕನೆಯ ರೀತಿಯೊಂದಿದೆ, ಅದು ನಿಷಿದ್ಧ: "ಬರೋ ಜೀವನಾಂಶದಲ್ಲಿ ಹತ್ತು ಪರ್ಸೆಂಟ್ ನಂಗೆ." ಫಲದ ಮೇಲೆ ಫೀಸು ನಿಗದಿ ಮಾಡುವುದನ್ನೂ ಬಂದದ್ದರಲ್ಲಿ ಪಾಲು ಕೇಳುವುದನ್ನೂ ವಕೀಲರ ಪರಿಷತ್ತಿನ 20ನೇ ನಿಯಮ ತಡೆಯುತ್ತದೆ.

ಯಾವ ರೀತಿಯೇ ಆಗಲಿ, ಒಂದು ಪುಟದಲ್ಲಿ ಬರೆಸಿಕೊಳ್ಳಿ. ಯಾವ ಕೇಸು, ಯಾವ ಕೋರ್ಟು, ಒಟ್ಟು ಎಷ್ಟು, ಯಾವಾಗ ಯಾವಾಗ, ಮಧ್ಯಂತರ ಅರ್ಜಿಗಳು ಇದರಲ್ಲೇ ಸೇರಿವೆಯಾ, ಮೇಲ್ಮನವಿ ಬೇರೆಯಾ, ಹಣ ವಸೂಲಿಯ ಅಮಲ್ಜಾರಿ ಅರ್ಜಿ ಬೇರೆಯಾ. ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ತಿಂಗಳಿಗೆ 8,000 ಕೊಡಬೇಕೆಂದು ಆದೇಶವಾಗುತ್ತದೆ, ಗಂಡ ಕೊಡುವುದಿಲ್ಲ, ವಸೂಲಿಗೆ ಮತ್ತೆ ಅರ್ಜಿ, ಮತ್ತೆ ಫೀಸು. ಬರೆದುಕೊಡಲು ಹಿಂದೆ ಮುಂದೆ ನೋಡುವವರಿಗೆ ಅದನ್ನೇ ವಾಟ್ಸಾಪಿನಲ್ಲಿ ಕಳಿಸಿ "ಇಷ್ಟೇ ಅಲ್ವಾ ಸಾರ್" ಎಂದು ಕೇಳಿ, "ಹೌದು" ಅನ್ನುವ ಉತ್ತರ ಇಟ್ಟುಕೊಳ್ಳಿ. ಹಣ ಯುಪಿಐ ಅಥವಾ ಚೆಕ್ಕಿನಲ್ಲಿ, ನಗದಾದರೆ ರಸೀದಿ ಪಡೆದು ಕೊಡಿ.

ಫೀಸಿನ ಹೊರಗಿನ ಚಿಲ್ಲರೆ ಖರ್ಚು: ಟೈಪಿಂಗ್, ಜೆರಾಕ್ಸು, ನೋಟರಿ, ವಕಾಲತ್ತಿಗೆ ಹಚ್ಚುವ ಕಲ್ಯಾಣ ನಿಧಿಯ ಸ್ಟಾಂಪು, ಸಮನ್ಸಿನ ಶುಲ್ಕ, ದೃಢೀಕೃತ ನಕಲು. ವಿವಾಹದ ಅರ್ಜಿಗೆ ಕೋರ್ಟ್ ಶುಲ್ಕ ಅಲ್ಪ. "ಕೋರ್ಟ್ ಫೀಸೇ 20,000" ಎಂದು ಯಾರಾದರೂ ಅಂದರೆ ಅದು ಕೋರ್ಟಿಗೆ ಹೋಗುತ್ತಿಲ್ಲ. ಕೈ ಕಚ್ಚುವ ಒಂದು ಖರ್ಚು ಪತ್ರಿಕಾ ಪ್ರಕಟಣೆ. ಎದುರುದಾರರು ಸಮನ್ಸು ತೆಗೆದುಕೊಳ್ಳದೆ ತಪ್ಪಿಸಿಕೊಂಡಾಗ ಕೋರ್ಟು ಪತ್ರಿಕೆಯಲ್ಲಿ ಪ್ರಕಟಿಸಲು ಹೇಳಬಹುದು, ಪತ್ರಿಕೆಯ ದರ ನಿಮ್ಮದೇ. ಅರ್ಜಿಯಲ್ಲಿ ವಿಳಾಸ ಸರಿಯಾಗಿ, ಕೆಲಸದ ಜಾಗದ ವಿಳಾಸವನ್ನೂ ಸೇರಿಸಿ ಕೊಟ್ಟರೆ ಇದು ಬಹಳ ಸಲ ತಪ್ಪುತ್ತದೆ.

ಎದುರುದಾರರಿಂದಲೇ ಖರ್ಚು ಪಡೆಯುವುದು

ಸ್ವಂತ ಆದಾಯ ಸಾಲದವರು ಕೇಸು ನಡೆಸುವ ಖರ್ಚನ್ನು ಎದುರುದಾರರಿಂದ ಕೇಳಬಹುದು. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮು ಹೆಂಡತಿಗೂ ಗಂಡನಿಗೂ ಈ ಹಕ್ಕು ಕೊಟ್ಟಿದೆ. ನೋಟಿಸು ಜಾರಿಯಾದ 60 ದಿನದೊಳಗೆ ಸಾಧ್ಯವಾದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಎಂದೂ ಹೇಳಿದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ರ ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 144ರಲ್ಲೂ ಮಧ್ಯಂತರ ಜೀವನಾಂಶದ ಜೊತೆ ಕೇಸಿನ ಖರ್ಚು ಕೇಳುವ ಅವಕಾಶವಿದೆ. ಅದು ಯಾವ ಧರ್ಮದವರಿಗೂ ಅನ್ವಯ.

ವಾಸ್ತವದಲ್ಲಿ 60 ದಿನ ಹಿಗ್ಗುತ್ತದೆ. ಮುಖ್ಯ ಕಾರಣ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ (ಅಫಿಡವಿಟ್). ರಜನೀಶ್ ತೀರ್ಪಿನ ಮೇಲೆ ಎರಡೂ ಕಡೆಯವರು ಸಂಬಳ, ಬ್ಯಾಂಕು, ಜಮೀನು, ಸಾಲ ಎಲ್ಲವನ್ನೂ ನಿಗದಿತ ನಮೂನೆಯಲ್ಲಿ ಹೇಳಬೇಕು. ಅರ್ಜಿಯ ಜೊತೆಯಲ್ಲೇ ನಿಮ್ಮದನ್ನು ತುಂಬಿ ಕೊಡದಿದ್ದರೆ ಎದುರುದಾರರಿಗೆ ತಮ್ಮದನ್ನು ತಡಮಾಡಲು ನೆಪ ಸಿಕ್ಕಿತು. ಗಂಡನ ಹೆಸರಿನ ಪಹಣಿ, ಗಾಡಿಯ ನೋಂದಣಿ, ಹಳೆಯ ಸಂಬಳದ ಚೀಟಿಯ ಫೋಟೊ, ಸಿಕ್ಕಿದ್ದನ್ನೆಲ್ಲ ಮೊದಲೇ ಒಟ್ಟುಮಾಡಿ. ವಕೀಲರನ್ನು ಹೋಲಿಸುವಾಗ "24ನೇ ಕಲಮಿನ ಅರ್ಜಿ ಯಾವಾಗ ಹಾಕ್ತೀರಿ?" ಅಂತ ಕೇಳಿ. ಮೊದಲ ದಿನವೇ ಎಂದವರು ಪಳಗಿದವರು.

ಒಪ್ಪಿಗೆಯ ವಿಚ್ಛೇದನ: ಒಬ್ಬ ವಕೀಲರೋ, ಇಬ್ಬರೋ, ಯಾರೂ ಬೇಡವೋ

ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನ ಪ್ರಕಾರ ಅಲ್ಲಿ ವಕೀಲರನ್ನು ಇಡುವುದು ಹಕ್ಕಲ್ಲ, ಕೋರ್ಟು ಅನುಮತಿ ಕೊಡುತ್ತದೆ. ಅಂದರೆ ನೀವೇ ನಿಂತು ಮಾತಾಡಬಹುದು. ಒಂದು ವರ್ಷದಿಂದ ಬೇರೆ ಇದ್ದು, ಮಕ್ಕಳಿಲ್ಲದೆ, ಕೊಡುಕೊಳ್ಳುವುದೂ ಇಲ್ಲದ ಗಂಡ ಹೆಂಡತಿ ವಕೀಲರಿಂದ ಅರ್ಜಿ ಮಾತ್ರ ಬರೆಸಿಕೊಂಡು ಹೋಗಿ ಮುಗಿಸಿಕೊಳ್ಳುವುದು ಸಾಧ್ಯ. ಒಬ್ಬರೇ ವಕೀಲರು ಇಬ್ಬರಿಗೂ ಬರೆಯುವುದೂ ರೂಢಿಯಲ್ಲಿದೆ. ಅಗ್ಗ, ಸಲೀಸು. ತೊಡಕು ಬರುವುದು ನಡುವೆ ಒಬ್ಬರು ಮನಸ್ಸು ಬದಲಿಸಿದರೆ. ಒಂದು ಕಡೆಗೆ ಅರ್ಜಿ ಬರೆದ ವಕೀಲರು ಎದುರು ಕಡೆಗೆ ನಿಲ್ಲುವಂತಿಲ್ಲ. ಇಬ್ಬರಿಗೂ ಬರೆದವರು ಹಾಗಾದರೆ ಯಾರ ಕಡೆಗೂ ನಿಲ್ಲಲಾಗದೆ ಇಬ್ಬರೂ ಹೊಸಬರನ್ನು ಹುಡುಕಬೇಕಾಗುತ್ತದೆ. ಮಗು, ಮನೆ, ದೊಡ್ಡ ಮೊತ್ತ ಇದ್ದರೆ ಒಪ್ಪಂದದ ಕರಡನ್ನು ನಿಮ್ಮದೇ ಒಬ್ಬ ವಕೀಲರಿಗೆ ಒಂದು ಸಲದ ಫೀಸು ಕೊಟ್ಟು ಓದಿಸಿ.

ಒಪ್ಪಿಗೆಯ ವಿಚ್ಛೇದನ ಎರಡು ಹಂತದ್ದು; ಮೊದಲ ಹಂತದ ಅರ್ಜಿಗೂ ಎರಡನೆಯದಕ್ಕೂ ನಡುವೆ ಆರು ತಿಂಗಳು ಬೇಕು. ಇದನ್ನು ಕೋರ್ಟು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಮನ್ನಾ ಸಿಗಬೇಕಾದರೆ ಅರ್ಜಿ ಹಾಕುವಾಗಲೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಷಯ ಬಗೆಹರಿದಿರಬೇಕು. ಮನ್ನಾ ಅರ್ಜಿಯ ಫೀಸು ಸೇರಿದೆಯಾ ಕೇಳಿ. ವರದಕ್ಷಿಣೆ ಕಿರುಕುಳದ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಅದನ್ನು ರದ್ದು ಮಾಡಿಸಲು ಹೈಕೋರ್ಟಿಗೇ ಹೋಗಬೇಕು. ಆ ಖರ್ಚು ಯಾರದೆಂದು ಒಪ್ಪಂದದಲ್ಲೇ ಬರೆಯದೆ ಕೆಟ್ಟವರು ಬಹಳ.

ಇವೆಲ್ಲಕ್ಕಿಂತ ಅಗ್ಗದ ದಾರಿಯೆಂದು ಕೆಲವರು ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿ "ಡಿವೋರ್ಸ್ ಆಯ್ತು" ಅನ್ನುತ್ತಾರೆ. ಸಮುದಾಯದಲ್ಲಿ ಅಂಥ ಪದ್ಧತಿ ಇದೆಯೆಂದು ಕೋರ್ಟಿನಲ್ಲಿ ಸಾಬೀತು ಮಾಡಲಾಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಅದನ್ನು ನಂಬಿ ಮತ್ತೆ ಮದುವೆಯಾದರೆ ಎರಡನೇ ಮದುವೆ ಅಸಿಂಧು, ಮೇಲೆ ದ್ವಿಪತ್ನಿತ್ವದ ಆರೋಪ.

ತಕರಾರು ಇದ್ದರೂ ಕೋರ್ಟು ನಿಮ್ಮನ್ನು ಮಧ್ಯಸ್ಥಿಕೆಗೆ ಕಳಿಸುವುದು ಬಹುತೇಕ ಖಚಿತ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಇದೆ. ಕೋರ್ಟು ಕಳಿಸಿದ ಕೇಸಿಗೆ ಅಲ್ಲಿ ಕಕ್ಷಿದಾರರಿಂದ ಫೀಸು ತೆಗೆದುಕೊಳ್ಳುವುದಿಲ್ಲ. ಅಲ್ಲಿಗೆ ಹೋಗುವ ಮುನ್ನ ಎಷ್ಟಕ್ಕೆ ಒಪ್ಪಬಹುದು ಅನ್ನುವ ಅಂಕಿ ನಿಮ್ಮ ತಲೆಯಲ್ಲಿರಲಿ.

ವಿದೇಶದಲ್ಲಿರುವವರು

ಭಾರತದ ಕೇಸಿಗೆ ಇಲ್ಲಿನ ವಕೀಲರೇ ಬೇಕು. ತಂದೆಗೋ ಅಣ್ಣನಿಗೋ ಅಧಿಕಾರ ಪತ್ರ ಕೊಡುವುದಾದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇದನ್ನು ಮರೆತು ಪತ್ರವನ್ನು ಬೀರುವಿನಲ್ಲಿಟ್ಟವರು ಆಮೇಲೆ ದಂಡ ಕಟ್ಟಿದ್ದಾರೆ. ಸಾಕ್ಷ್ಯವನ್ನು ವಿಡಿಯೊ ಮೂಲಕ ಕೊಡಲು ಕೋರ್ಟಿನ ಅನುಮತಿ ಕೇಳಬಹುದು. ಅಂಥ ಅರ್ಜಿಯನ್ನು ಹಿಂದೆ ಹಾಕಿದ ವಕೀಲರನ್ನೇ ಆರಿಸಿ.

ಸಹಿ ಹಾಕುವಾಗ, ಬದಲಿಸುವಾಗ

ವಕಾಲತ್ತು ಓದಿ ಸಹಿ ಹಾಕಿ. ರಾಜಿ ಮಾಡಿಕೊಳ್ಳುವ ಅಧಿಕಾರವೂ ಅದರಲ್ಲಿರುತ್ತದೆ. ಬೇಡವಾದರೆ ಆ ಸಾಲು ಹೊಡೆದು ಪಕ್ಕದಲ್ಲಿ ಸಹಿ ಮಾಡಿ. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಬೇಡವೇ ಬೇಡ. ಕೊಡುವುದು ಜೆರಾಕ್ಸು. ಮದುವೆಯ ನೋಂದಣಿ ಪತ್ರ, ಒಡವೆಯ ಬಿಲ್ಲು ಮುಂತಾದ ಮೂಲ ಪ್ರತಿಗಳನ್ನು ಸಾಕ್ಷ್ಯದಲ್ಲಿ ಗುರುತು ಮಾಡುವ ದಿನ ನೀವೇ ಒಯ್ಯಿರಿ.

ಕೇಸು ದಾಖಲಾದ ಮೇಲೆ 16 ಅಕ್ಷರದ ಸಿ.ಎನ್.ಆರ್. ನಂಬರು ಕೇಳಿ ಇಸಿದುಕೊಳ್ಳಿ. ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ, ಹಿಂದಿನ ದಿನ ಏನಾಯಿತು ಎಲ್ಲ ಕಾಣುತ್ತದೆ. ಗುಮಾಸ್ತನಿಗೆ ಹತ್ತು ಸಲ ಫೋನ್ ಮಾಡುವುದು ತಪ್ಪುತ್ತದೆ.

ವಕೀಲರು ಸರಿಬರದಿದ್ದರೆ ಬದಲಿಸುವುದು ನಿಮ್ಮ ಹಕ್ಕು. ರೂಢಿಯಂತೆ ಹಳಬರಿಂದ ನಿರಾಕ್ಷೇಪಣೆ ಬರೆಸಿಕೊಂಡು ಹೊಸ ವಕಾಲತ್ತು ಹಾಕುತ್ತಾರೆ. ಅವರು ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಿ ಹಾಕಬಹುದು. ಫೀಸು ಬಾಕಿ ಇದೆಯೆಂದು ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಬಾಕಿ ವಸೂಲಿಗೆ ಅವರಿಗೆ ಬೇರೆ ದಾರಿಗಳಿವೆ. ನೀವೂ ಮಾಡಿದ ಕೆಲಸದ ಫೀಸು ಕೊಟ್ಟು ಬನ್ನಿ, ಜಗಳ ಅಲ್ಲೇ ಮುಗಿಯುತ್ತದೆ.

ಹಣ ತಿಂದು ಕೇಸೇ ಹಾಕದವರು, ಎದುರುದಾರರ ಜೊತೆ ಕೈ ಸೇರಿಸಿದವರು, ಇಂಥವರ ಮೇಲೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಲಾಗದು. ವಕೀಲರ ಸೇವೆ ಆ ಕಾಯ್ದೆಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ದೂರು ಹೋಗಬೇಕಾದ್ದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ಅಲ್ಲಿ ಬೇಕಾಗುವುದು ಮೂರು ಕಾಗದ: ವಕಾಲತ್ತಿನ ನಕಲು, ಹಣ ಕೊಟ್ಟ ದಾಖಲೆ, ವಾಯಿದೆಗಳ ಪಟ್ಟಿ.